ಗಾಡಿಯ ಫ್ರಿಜ್ಜು, ನಮ್ಮ ಬಿಸಿಲು
ದೇವಾಪುರ, ತಿಂಥಣಿ, ಕಕ್ಕೇರಾ, ಹುಣಸಗಿ, ಸುರಪುರ ಕಡೆಯ ಕ್ರೂಸರ್, ಬೊಲೆರೊ, ಥಾರ್ ಮಾಲೀಕರಿಗೂ ಚಾಲಕರಿಗೂ ಒಂದು ಬಹಿರಂಗ ಪತ್ರ



ಮನಗೂಳಿಯಿಂದ ತಾಳಿಕೋಟೆ, ಹುಣಸಗಿ ಹಾದು ಬರುವ ರಸ್ತೆ ನಮ್ಮ ದೇವಾಪುರದ ಬಳಿ ಹೆದ್ದಾರಿಗೆ ಕೂಡುತ್ತದೆ. ಅಲ್ಲಿಂದ ಒಂದು ಕಡೆ ಸುರಪುರ, ಶಹಾಪುರ. ಇನ್ನೊಂದು ಕಡೆ ತಿಂಥಣಿ ಬ್ರಿಜ್ಜು ದಾಟಿದರೆ ಲಿಂಗಸುಗೂರು. ಶ್ರೀಶೈಲಕ್ಕೆ, ಮಂತ್ರಾಲಯಕ್ಕೆ, ತಿರುಪತಿಗೆ, ತುಳಜಾಪುರಕ್ಕೆ, ಬೆಂಗಳೂರಿನ ದುಡಿಮೆಗೆ ಎಂದು ಎಷ್ಟೋ ಗಾಡಿಗಳು ಈ ಕ್ರಾಸಿನಲ್ಲಿ ಒಂದು ಚಹಾಕ್ಕೆ ನಿಂತು ಹೋಗುತ್ತವೆ. ಈಚೆಗೆ ಆ ಗಾಡಿಗಳ ಹಿಂದಿನ ಬಾಗಿಲು ತೆಗೆದರೆ ಸ್ಟೆಪ್ನಿ, ಜಾಕು, ನೀರಿನ ಕ್ಯಾನುಗಳ ನಡುವೆ ಇನ್ನೊಂದು ಡಬ್ಬಿ ಕಾಣತೊಡಗಿದೆ. ಅದು ಹನ್ನೆರಡು ವೋಲ್ಟಿನ ಫ್ರಿಜ್ಜು. ಥಾರ್ ಕೊಂಡ ಹುಡುಗರು ಲಡಾಖದ ವಿಡಿಯೊ ನೋಡಿ ತರಿಸುತ್ತಾರೆ. ಕ್ರೂಸರ್ ಓಡಿಸುವವರು ಪ್ಯಾಸೆಂಜರ್ ಕೇಳಿದರೆಂದು ತರಿಸುತ್ತಾರೆ. ಗಾಡಿಗಳಿಗೆ ವೈರ್ ಎಳೆಯುವ ಕೆಲಸ ನನ್ನದಾದ್ದರಿಂದ ಇವರೆಲ್ಲ ಕೊನೆಗೆ ನನ್ನಂಥವರ ಹತ್ತಿರ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ ಒಂದೇ: “ಎಷ್ಟು ಲೀಟರಿನದು ತಗೋಬೇಕು?”

ಲೀಟರಿನ ಮಾತು ಆಮೇಲೆ ಆಡೋಣ. ಮೊದಲು ಬಿಸಿಲಿನ ಮಾತು. ಫ್ರಿಜ್ಜಿನ ಡಬ್ಬಿಯ ಮೇಲೆ ಅಚ್ಚಾದ ಅಂಕಿಗಳೆಲ್ಲ ಬೇರೆ ಊರಿನ ಹವೆಯಲ್ಲಿ ಅಳೆದಂಥವು. ಕರೆಂಟು ಎಷ್ಟು ತಿನ್ನುತ್ತದೆ ಎಂಬ ಲೆಕ್ಕವನ್ನು ಸಾಮಾನ್ಯವಾಗಿ 25 ಅಥವಾ 32 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿ ತೆಗೆಯುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಡಿಗ್ರಿ ಮುಟ್ಟುತ್ತದೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಅದಕ್ಕಿಂತ ಇನ್ನೂ ಇಪ್ಪತ್ತು ಡಿಗ್ರಿ ಏರುವುದು ದೊಡ್ಡ ಮಾತಲ್ಲ, ಅದಕ್ಕೆ ಒಂದು ತಾಸು ಸಾಕು. ಕೊಳ್ಳುವುದರಿಂದ ಹಿಡಿದು ಕೂಡಿಸುವವರೆಗೆ ಪ್ರತಿಯೊಂದನ್ನೂ ಈ ಬಿಸಿಲಿನ ಲೆಕ್ಕದಲ್ಲೇ ನೋಡಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ‘ಕಾರ್ ಫ್ರಿಜ್’ ಎಂದು ಮಾರುತ್ತಾರಲ್ಲ, ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಅದರಲ್ಲಿ ಕಂಪ್ರೆಸರ್ ಇರುವುದಿಲ್ಲ. ಎರಡು ಬಗೆಯ ಲೋಹಗಳ ಬೆಸುಗೆಯಲ್ಲಿ ಕರೆಂಟು ಹರಿದರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುತ್ತದೆ ಎಂದು ಪೆಲ್ಟಿಯರ್ ಎಂಬ ಫ್ರೆಂಚ್ ವಿಜ್ಞಾನಿ 1834ರಲ್ಲಿ ಕಂಡುಕೊಂಡ. ಆ ತತ್ವದ ಮೇಲೆ ನಡೆಯುವ ಒಂದು ಸಣ್ಣ ಬಿಲ್ಲೆ, ಅದಕ್ಕೊಂದು ಫ್ಯಾನು, ಇಷ್ಟೇ ಅದರ ಸಂಸಾರ. ಹೊರಗಿನ ಹವೆಗಿಂತ ಹದಿನೈದರಿಂದ ಇಪ್ಪತ್ತು ಡಿಗ್ರಿ ಇಳಿಸುವಲ್ಲಿಗೆ ಅದರ ಶಕ್ತಿ ಮುಗಿಯಿತು. ಊಟಿಯಲ್ಲಿ ಅದೂ ಫ್ರಿಜ್ಜೇ. ನಮ್ಮಲ್ಲಿ ಗಾಡಿಯೊಳಗೆ 45 ಇದ್ದರೆ ಅದರೊಳಗೆ 25ರಿಂದ 30. ಅಷ್ಟು ತಂಪಿಗೆ ಹಸಿ ಬಟ್ಟೆ ಸುತ್ತಿದ ತಂಬಿಗೆ ಸಾಲದೇ? ಇನ್ನೊಂದು ಕೇಡೆಂದರೆ, ಅಂಥ ಡಬ್ಬಿಗಳಲ್ಲಿ ಹೆಚ್ಚಿನವು ತಂಪಾದ ಮೇಲೆ ತಾವಾಗಿ ನಿಲ್ಲುವುದಿಲ್ಲ. ನಾಲ್ಕೈದು ಆಂಪಿಯರ್ ಎಳೆಯುತ್ತಲೇ ಇರುತ್ತವೆ. ಒಂದು ರಾತ್ರಿ ಮರೆತು ಬಿಟ್ಟರೆ ಬೆಳಗ್ಗೆ ಸೆಲ್ಫು ತಿರುಗುವುದಿಲ್ಲ. ಗ್ಯಾಸಿನ ಮೇಲೆ ನಡೆಯುವ ಇನ್ನೊಂದು ಜಾತಿ ಇದೆ. ಅದಕ್ಕೆ ನೆಲ ಸಮ ಇರಬೇಕು, ಮುಚ್ಚಿದ ಗಾಡಿಯಲ್ಲಿ ಬೆಂಕಿ ಉರಿಯಬೇಕು. ಎರಡೂ ನಮಗಾಗದ ಮಾತು.

ಉಳಿಯುವುದು ಕಂಪ್ರೆಸರ್ ಇರುವ ಫ್ರಿಜ್ಜು. ಆಸ್ಟ್ರೇಲಿಯದ ಒಣ ನಾಡಿನಲ್ಲಿ ದಿನಗಟ್ಟಲೆ ಜೀಪು ಓಡಿಸುವವರು 1960ರ ದಶಕದಿಂದ ಇಂಥದನ್ನು ಹೊತ್ತು ತಿರುಗುತ್ತಿದ್ದಾರೆ. ಜಪಾನಿನ ಎಂಗೆಲ್ ಅಲ್ಲಿ ಮನೆಮಾತು. ಮನೆಯ ಫ್ರಿಜ್ಜಿನಂತೆಯೇ ಕೆಲಸ. ಬೇಕಾದಷ್ಟು ತಂಪಾದ ಮೇಲೆ ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ಶುರು. 43 ಡಿಗ್ರಿಯಲ್ಲೂ ಒಳಗೆ 4 ಡಿಗ್ರಿ ಹಿಡಿಯುವ ತಾಕತ್ತು ಇದಕ್ಕಿದೆ. ಬೆಲೆ ಇಪ್ಪತ್ತು ಸಾವಿರದ ಆಸುಪಾಸಿನಿಂದ ಲಕ್ಷದವರೆಗೂ ಹೋಗುತ್ತದೆ. ಅಂಗಡಿಯವನು ಏನೇ ಹೇಳಲಿ, ಹಿಂದೆ ಅಂಟಿಸಿದ ಚೀಟಿ ಓದಿ. ಅದರಲ್ಲಿ ಕ್ಲೈಮೇಟ್ ಕ್ಲಾಸ್ ಎಂಬ ಸಾಲು ಇರುತ್ತದೆ. ‘ಎನ್’ ಎಂದಿದ್ದರೆ 32 ಡಿಗ್ರಿವರೆಗಿನ ಹವೆಗೆ, ‘ಎಸ್‌ಟಿ’ ಎಂದರೆ 38, ‘ಟಿ’ ಎಂದರೆ 43. ನಮಗೆ ‘ಟಿ’ ಇಲ್ಲದ್ದು ಬೇಡವೇ ಬೇಡ. ‘ಟಿ’ ಇದ್ದರೂ ಅದು ನಮ್ಮ ಬೇಸಿಗೆಯ ಅಂಚಿನಲ್ಲೇ ನಿಂತಿರುತ್ತದೆ ಎಂಬುದು ನೆನಪಿರಲಿ. ಚೀಟಿಯಲ್ಲಿ ಆ ಸಾಲೇ ಇಲ್ಲದ ಡಬ್ಬಿಯನ್ನು ನಾನಾದರೆ ಮುಟ್ಟುವುದಿಲ್ಲ. ಇದರ ಜೊತೆಗೆ ಗೋಡೆಯ ದಪ್ಪ ನೋಡಿ. ಹೊರಗಿನಿಂದ ದೊಡ್ಡದಾಗಿ ಕಂಡು ಒಳಗೆ ಸಣ್ಣದಿದ್ದರೆ ಅದೇ ಒಳ್ಳೆಯದು, ನಡುವೆ ಫೋಮು ತುಂಬಿದೆ ಎಂದರ್ಥ. ತೆಳು ಗೋಡೆಯ ಡಬ್ಬಿ ಕೊಟ್ಟು ಲೀಟರ್ ಹೆಚ್ಚು ತೋರಿಸುವುದು ಹಳೆಯ ವ್ಯಾಪಾರ.

ಈಗ ಲೀಟರು. ನಮ್ಮ ಕಡೆಯ ಬುತ್ತಿ ನೋಡಿ. ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಖಾರ. ವಾರ ಕಳೆದರೂ ಕೆಡದ ಊಟ ಇದು. ಫ್ರಿಜ್ಜು ಎಂಬುದೇ ಗೊತ್ತಿಲ್ಲದ ಕಾಲದಲ್ಲಿ ಈ ಬಿಸಿಲನ್ನು ಎದುರಿಗಿಟ್ಟುಕೊಂಡೇ ನಮ್ಮ ಅವ್ವಂದಿರು ಕಟ್ಟಿದ ಬುತ್ತಿ. ಇದನ್ನು ತಂಪಿನಲ್ಲಿಟ್ಟರೆ ರೊಟ್ಟಿ ಮೆತ್ತಗಾಗಿ ಕೆಡುತ್ತದೆ ಅಷ್ಟೇ. ತಂಪು ನಿಜವಾಗಿ ಬೇಕಾದದ್ದು ಮಕ್ಕಳ ಹಾಲಿಗೆ, ಮೊಸರು-ಮಜ್ಜಿಗೆಗೆ, ಔಷಧಿಗೆ, ಹೊಳೆಯ ದಂಡೆಯಲ್ಲಿ ಮೀನೋ ಮಟನ್ನೋ ಕೊಂಡರೆ ಅದಕ್ಕೆ. ನಾಲ್ಕೈದು ಮಂದಿಯ ಮನೆಗೆ 20ರಿಂದ 25 ಲೀಟರ್ ಧಾರಾಳ. ಐವತ್ತು, ಅರವತ್ತು ಲೀಟರಿನದು ತಂದವರು ಅದರ ಅರ್ಧ ಜಾಗದಲ್ಲಿ ತಂಪು ಪಾನೀಯದ ಬಾಟಲಿ ತುಂಬಿಕೊಂಡು ಓಡಾಡುತ್ತಾರೆ. ಅದಕ್ಕೆ ಬ್ಯಾಟರಿ ಸವೆಸಬೇಕೇ? ಥಾರ್‌ನ ಮೂರು ಬಾಗಿಲಿನ ಮಾದರಿಗಂತೂ ಹಿಂದೆ ಜಾಗವೇ ಕಡಿಮೆ. ದೊಡ್ಡ ಡಬ್ಬಿ ಇಟ್ಟರೆ ಹಿಂದಿನ ಸೀಟು ಬಿಟ್ಟುಕೊಡಬೇಕಾಗುತ್ತದೆ.

ಇನ್ನು ವೈರು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಫ್ರಿಜ್ಜು ಕೆಟ್ಟಿತೆಂದು ಹೊತ್ತು ತರುವವರಲ್ಲಿ ಹೆಚ್ಚಿನವರ ಫ್ರಿಜ್ಜು ಕೆಟ್ಟಿರುವುದಿಲ್ಲ.

ಎಲ್ಲರೂ ಮೊದಲು ಮಾಡುವುದು ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಪಿನ್ನು ಚುಚ್ಚುವುದು. ಮೊಬೈಲ್ ಚಾರ್ಜಿಗೆ ಅದು ಸರಿ. ಫ್ರಿಜ್ಜು ನಡೆಯುವಾಗ ಸುಮಾರು 45ರಿಂದ 60 ವ್ಯಾಟ್, ಅಂದರೆ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಬ್ಯಾಟರಿ ಮುಂದೆ ಬಾನೆಟ್ ಕೆಳಗೆ, ಫ್ರಿಜ್ಜು ಹಿಂದೆ ಡಿಕ್ಕಿಯಲ್ಲಿ. ನಡುವೆ ಐದು ಮೀಟರ್ ದಾರಿ ಎಂದುಕೊಳ್ಳಿ, ಹೋಗಿಬರುವ ಎರಡು ವೈರು ಸೇರಿ ಹತ್ತು ಮೀಟರ್. ಸಣ್ಣ 1 ಸ್ಕ್ವೇರ್ ಎಂ.ಎಂ. ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.86 ವೋಲ್ಟ್ ಕರಗಿಹೋಗುತ್ತದೆ. ಅದೇ 6 ಸ್ಕ್ವೇರ್ ಎಂ.ಎಂ. ವೈರಾದರೆ ಕರಗುವುದು 0.14 ವೋಲ್ಟ್ ಮಾತ್ರ. ಒಂದು ವೋಲ್ಟಿಗಿಂತ ಕಡಿಮೆ ತಾನೇ ಎಂದು ನಗಬೇಡಿ. ತುಂಬಿದ ಬ್ಯಾಟರಿ 12.7 ವೋಲ್ಟ್, ಅರ್ಧ ಇಳಿದದ್ದು 12.2. ನಮ್ಮ ಆಟವೆಲ್ಲ ನಡೆಯುವುದೇ ಆ ಅರ್ಧ ವೋಲ್ಟಿನೊಳಗೆ. ಬ್ಯಾಟರಿ ಕಾಯಲೆಂದು ಫ್ರಿಜ್ಜಿನಲ್ಲಿ ಲೋ ವೋಲ್ಟೇಜ್ ಕಟಾಫ್ ಕೊಟ್ಟಿರುತ್ತಾರೆ: ಹೈ, ಮೀಡಿಯಂ, ಲೋ. ಸಣ್ಣ ವೈರು ಹಾಕಿದರೆ ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ಜಿಗೆ ಮುಟ್ಟುವುದು 11.3. ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಅದು ತನ್ನಷ್ಟಕ್ಕೆ ಆಫ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಆನ್, ಮತ್ತೆ ಆಫ್. ಬಿಸಿಲು ಹೆಚ್ಚಿದ ಹಾಗೆ ಕಂಪ್ರೆಸರ್ ಹೆಚ್ಚು ಹೊತ್ತು ನಡೆಯಬೇಕಾಗಿ ಈ ಕಾಟ ಮಧ್ಯಾಹ್ನವೇ ಜೋರಾಗುತ್ತದೆ. ಆಗ ಹುಡುಗರು ಮಾಡುವ ಉಪಾಯ ಕಟಾಫನ್ನು ‘ಲೋ’ಗೆ ಇಳಿಸುವುದು. ಫ್ರಿಜ್ಜು ಓಡುತ್ತದೆ ನಿಜ, ಆದರೆ ಗಾಡಿಯ ಬ್ಯಾಟರಿಯನ್ನು ತಳ ಕಾಣುವವರೆಗೆ ಹೀರಿಬಿಡುತ್ತದೆ. ಗಾಡಿ ಎಬ್ಬಿಸುವ ಬ್ಯಾಟರಿಗೆ ಫ್ರಿಜ್ಜು ಜೋಡಿಸಿದ್ದರೆ ಕಟಾಫ್ ಯಾವಾಗಲೂ ‘ಹೈ’ನಲ್ಲೇ ಇರಲಿ.

ಆದ್ದರಿಂದ ಬ್ಯಾಟರಿಯಿಂದಲೇ ನೇರವಾಗಿ ಬೇರೆ ವೈರು ಎಳೆಸಿ. 6 ಸ್ಕ್ವೇರ್, ಶುದ್ಧ ತಾಮ್ರದ್ದು. ಮಾರುಕಟ್ಟೆಯಲ್ಲಿ ಮೇಲೆ ತಾಮ್ರ ಬಳಿದ ಅಲ್ಯುಮಿನಿಯಂ ವೈರು ಅಗ್ಗಕ್ಕೆ ಸಿಗುತ್ತದೆ, ನೋಡಲು ಅದೂ ದಪ್ಪ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ, ಅದು ಬೇಡ. ಬ್ಯಾಟರಿಯ ಪ್ಲಸ್ಸಿಗೆ ಒಂದು ಗೇಣಿನೊಳಗೇ 15 ಆಂಪಿಯರಿನ ಫ್ಯೂಸ್ ಬೀಳಬೇಕು. ಫ್ಯೂಸನ್ನು ಹಿಂದೆ ಫ್ರಿಜ್ಜಿನ ಹತ್ತಿರ ಹಾಕಿದವರನ್ನು ಕಂಡಿದ್ದೇನೆ. ನಡುವಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಆ ಫ್ಯೂಸು ಯಾರನ್ನು ಕಾಯುತ್ತದೆ? ಬಾನೆಟ್ಟಿನಿಂದ ಒಳಗೆ ಬರುವ ಜಾಗದಲ್ಲಿ ರಬ್ಬರ್ ಬಿಲ್ಲೆ, ಉದ್ದಕ್ಕೂ ಸ್ಲೀವ್, ಸೈಲೆನ್ಸರಿನಿಂದ ದೂರ. ಮೈನಸ್ ವೈರನ್ನೂ ಜೊತೆಗೇ ತನ್ನಿ. ಹಳೆಯ ಬೊಲೆರೊಗಳ ಹಿಂಬದಿಯಲ್ಲಿ ತುಕ್ಕು, ಬಣ್ಣದ ಮೇಲೆ ಅರ್ಥ್ ಕೊಟ್ಟು ಆಮೇಲೆ ಒದ್ದಾಡುವುದು ಯಾಕೆ? ಕೊನೆಯಲ್ಲಿ ಲೈಟರ್ ಸಾಕೆಟ್ ಹಾಕಬೇಡಿ. ನಮ್ಮ ಹೊಲದ ದಾರಿಗಳ ಕುಲುಕಾಟಕ್ಕೆ ಅದು ಸಡಿಲಾಗಿ, ಕಾದು, ಕರಗುತ್ತದೆ. ಗಟ್ಟಿಯಾಗಿ ಕಚ್ಚಿಕೊಳ್ಳುವ ಆಂಡರ್‌ಸನ್ ಪ್ಲಗ್ ಸಿಗುತ್ತದೆ, ಅದನ್ನು ಹಾಕಿಸಿ. ಇನ್ನು ರಾತ್ರಿ ಗಾಡಿ ಹಗೇವಿನ ಹತ್ತಿರವೋ ಜೋಳದ ಚೀಲಗಳ ಪಕ್ಕವೋ ನಿಲ್ಲುತ್ತಿದ್ದರೆ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡಿ. ವೈರಿನ ವಿಷಯದಲ್ಲಿ ಇಲಿಗಳಿಗೆ ನಮಗಿಂತ ಹೆಚ್ಚು ಆಸಕ್ತಿ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳವರಿಗೆ ಎರಡು ಮಾತು ಬೇರೆ ಹೇಳಬೇಕು. ಇವುಗಳಲ್ಲಿ ಹಲವಕ್ಕೆ ಬ್ಯಾಟರಿಯ ಮೈನಸ್ ತುದಿಯಲ್ಲೇ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಬ್ಯಾಟರಿಯಿಂದ ಎಷ್ಟು ಹೋಯಿತು, ಎಷ್ಟು ಬಂತು ಎಂದು ಎಣಿಸುವ ಗುಮಾಸ್ತ ಅದು. ಫ್ರಿಜ್ಜಿನ ಮೈನಸ್ಸನ್ನು ಅದಕ್ಕಿಂತ ಮುಂಚೆ, ನೇರ ಬ್ಯಾಟರಿ ತುದಿಗೆ ಕೊಟ್ಟರೆ ಅದರ ಲೆಕ್ಕ ತಪ್ಪುತ್ತದೆ. ಸೆನ್ಸರ್ ದಾಟಿದ ಮೇಲೆ ಬಾಡಿಗೆ ಬಿಗಿದಿರುವ ಬೋಲ್ಟಿಗೆ ಕೊಡಬೇಕು. ಎರಡನೆಯದು, ಇಂಥ ಗಾಡಿಗಳ ಡೈನಮೋ ಡೀಸೆಲ್ ಉಳಿಸಲು ಆಗಾಗ ವೋಲ್ಟೇಜು ಇಳಿಸುತ್ತದೆ. ಎರಡನೇ ಬ್ಯಾಟರಿ ಇಡುವ ಮನಸ್ಸಿದ್ದವರಿಗೆ ಹಳೆಯ ಗಾಡಿಗಳ ಹಾಗೆ ಒಂದು ರಿಲೇ ಹಾಕಿದರೆ ಅದು ಪೂರ್ತಿ ತುಂಬುವುದೇ ಇಲ್ಲ. ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ. ಕಂಪನಿಯ ವೈರಿಂಗ್ ಕತ್ತರಿಸಿ ಜೋಡಿಸುವ ಮೆಕ್ಯಾನಿಕ್ಕಿನ ಕೈಗೆ ಹೊಸ ಗಾಡಿ ಕೊಡಬೇಡಿ, ಆಮೇಲೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ.

ಎರಡನೇ ಬ್ಯಾಟರಿ ಬೇಕೇ ಎಂಬುದು ನೀವು ಹೇಗೆ ಓಡಾಡುತ್ತೀರಿ ಎನ್ನುವುದರ ಮೇಲೆ. ನಮ್ಮ ಬೇಸಿಗೆಯಲ್ಲಿ ಕಂಪ್ರೆಸರ್ ಅರ್ಧಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ದಿನಕ್ಕೆ ಸುಮಾರು 50 ಆಂಪಿಯರ್-ಅವರ್ ಹಿಡಿಯಿರಿ. ಗಾಡಿಯ ಬ್ಯಾಟರಿ 70 ಎಂದಿದ್ದರೆ ಅದರ ಅರ್ಧವನ್ನೂ ಮುಟ್ಟಬಾರದು. ಸೆಲ್ಫು ಹೊಡೆಯಲೆಂದು ಮಾಡಿದ ಬ್ಯಾಟರಿ ಅದು, ಆಳಕ್ಕೆ ಇಳಿಸಿದಷ್ಟೂ ಆಯುಷ್ಯ ಕಡಿಮೆ. ಹಗಲೆಲ್ಲ ಗಾಡಿ ಓಡುತ್ತಿದ್ದು, ರಾತ್ರಿ ಆರೇಳು ತಾಸು ನಿಲ್ಲುವವರಿಗೆ ಒಂದೇ ಬ್ಯಾಟರಿ ಸಾಕು. ನಮ್ಮ ಕ್ರೂಸರಿನವರೆಲ್ಲ ಇದೇ ಲೆಕ್ಕದವರು. ಒಂದೇ ಕಡೆ ಎರಡು ಮೂರು ದಿನ ಗುಡಾರ ಹಾಕಿ ಕೂರುವವರಿಗೆ ಮಾತ್ರ ಎರಡನೆಯದು ಬೇಕು. ಅವರಿಗೆ ಎಲ್ಲರೂ ಲಿಥಿಯಂ ಹೇಳುತ್ತಾರೆ. ಹಗುರ, ಆಳಕ್ಕೆ ಇಳಿಸಬಹುದು, ಎಲ್ಲ ನಿಜ. ಆದರೆ ಸಾಮಾನ್ಯವಾಗಿ ಅದನ್ನು ಚಾರ್ಜ್ ಮಾಡಬೇಕಾದದ್ದು 45 ಡಿಗ್ರಿಯೊಳಗೆ. ಮೇ ತಿಂಗಳಲ್ಲಿ ಬಾನೆಟ್ ಕೆಳಗೆ ಎಷ್ಟಿರುತ್ತದೆ ಎಂಬುದು ಬಾನೆಟ್ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಗೊತ್ತು. ಹಾಗಾಗಿ ಲಿಥಿಯಂ ಇಡುವುದಿದ್ದರೆ ಸೀಟಿನ ಕೆಳಗೆ, ಗಾಳಿಯಾಡುವ ಜಾಗದಲ್ಲಿ. ಅದಕ್ಕಿಂತ ನನ್ನ ಸಲಹೆ ಮೇಲ್ಛಾವಣಿಯ ಮೇಲೊಂದು 100 ವ್ಯಾಟಿನ ಸೋಲಾರ್ ಫಲಕ ಮತ್ತು ಅದಕ್ಕೊಂದು ಚಾರ್ಜ್ ಕಂಟ್ರೋಲರ್. ನಮ್ಮ ಬಿಸಿಲಿಗೆ ದಿನಕ್ಕೆ 400 ವ್ಯಾಟ್-ಅವರ್ ಆಸುಪಾಸು ಕೊಡುತ್ತದೆ, ಅಂದರೆ ಫ್ರಿಜ್ಜಿನ ಹಸಿವಿನ ಮೂರರಲ್ಲಿ ಎರಡು ಪಾಲು. ನಮ್ಮನ್ನು ಸುಡುವ ಬಿಸಿಲು ಇಷ್ಟಾದರೂ ದುಡಿಯಲಿ.

ಡಬ್ಬಿ ಇಡುವ ಜಾಗಕ್ಕೂ ಬಿಸಿಲೇ ಅಳತೆಗೋಲು. ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಗೆ ಎಸೆಯುವ ಯಂತ್ರ, ಎಸೆಯಲು ಜಾಗ ಬೇಕು. ಜಾಲರಿ ಇರುವ ಬದಿಯಲ್ಲಿ ನಾಲ್ಕು ಬೆರಳಿನಷ್ಟಾದರೂ ಖಾಲಿ ಬಿಡಿ. ಚಾದರ, ಬ್ಯಾಗು, ಕೌದಿ ಒತ್ತಿ ತುಂಬಿದರೆ ಅದು ತನ್ನ ಬಿಸಿಯಲ್ಲೇ ತಾನು ಬೇಯುತ್ತದೆ. ಎರಿ ಹೊಲದ ಧೂಳು ಆ ಜಾಲರಿಯಲ್ಲಿ ಹೊಕ್ಕು ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬ್ರಷ್ಷಿನಿಂದ ಜಾಡಿಸಿ. ಹಿಂದಿನ ಗಾಜಿನ ಮೂಲಕ ನೇರ ಬಿಸಿಲು ಬೀಳುವಂತಿದ್ದರೆ ಮೇಲೊಂದು ಬಿಳಿ ಬಟ್ಟೆ, ಜಾಲರಿ ಬಿಟ್ಟು. ಮೇಲಿನ ಕ್ಯಾರಿಯರಿಗಂತೂ ಏರಿಸಲೇಬೇಡಿ.

ಬಿಗಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಿದ ಫ್ರಿಜ್ಜು ಇಪ್ಪತ್ತೈದು ಕೆ.ಜಿ. ದಾಟುತ್ತದೆ. ಹಿಂದಿನಿಂದ ಬಂದು ಸೀಟಿನವರ ಕುತ್ತಿಗೆಗೆ ಬಡಿಯಲು ಒಂದು ಬ್ರೇಕು ಸಾಕು. ಸೈಕಲ್ಲಿಗೆ ಕಟ್ಟುವ ರಬ್ಬರ್ ಹಗ್ಗ ಸಾಲದು. ಕೊಕ್ಕೆ ಬಿಗಿಯುವ ರ‍್ಯಾಚೆಟ್ ಬೆಲ್ಟು ಬೇಕು, ಅದನ್ನು ಗಾಡಿಯ ನೆಲದಲ್ಲಿ ಕಂಪನಿಯೇ ಕೊಟ್ಟ ಕಬ್ಬಿಣದ ಬಳೆಗೆ ಕಟ್ಟಬೇಕು. ನೆಲಕ್ಕೆ ಹೊಸ ತೂತು ಹೊಡೆಯುವುದಿದ್ದರೆ ಮೊದಲು ಕೆಳಗೆ ಮಲಗಿ ನೋಡಿ, ಡೀಸೆಲ್ ಟ್ಯಾಂಕೋ ಬ್ರೇಕ್ ಪೈಪೋ ಅಲ್ಲೇ ಇರಬಹುದು. ಫ್ರಿಜ್ಜಿನ ಗೋಡೆಗೆ ಮಾತ್ರ ಯಾವ ಕಾರಣಕ್ಕೂ ಸ್ಕ್ರೂ ಹೊಡೆಯಬಾರದು. ಗ್ಯಾಸಿನ ಸಣ್ಣ ನಳಿಕೆಗಳು ಆ ಗೋಡೆಯೊಳಗೇ ಸುತ್ತಿರುತ್ತವೆ. ಹೊಳೆದಂಡೆಯ ಇಳಿಜಾರಿನಲ್ಲಿ ಗಾಡಿ ವಾಲಿದರೆ ಭಯವಿಲ್ಲ, ಈ ಕಂಪ್ರೆಸರುಗಳು 30 ಡಿಗ್ರಿ ವಾಲಿಕೆಯವರೆಗೆ ನಡೆಯುವಂತೆಯೇ ಮಾಡಿದವು. ಅಡ್ಡ ಮಲಗಿಸಿ ಸಾಗಿಸಿದ್ದರೆ ಮಾತ್ರ ನೆಟ್ಟಗೆ ನಿಲ್ಲಿಸಿ ಕೆಲವು ತಾಸು ಬಿಟ್ಟು ಆಮೇಲೆ ಆನ್ ಮಾಡಿ.

ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿಗೆ ಹಚ್ಚಿ ತಂಪು ಮಾಡಿಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಮಾಡುವುದಿಲ್ಲ. ಬಿಸಿ ನೀರಿನ ಬಾಟಲಿ ತುಂಬಿ ಗಾಡಿಯಲ್ಲಿ ಆನ್ ಮಾಡಿದರೆ ಸಂಜೆಯವರೆಗೂ ಅದು ಓಡುತ್ತಲೇ ಇರುತ್ತದೆ. ಮನೆಯ ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಗಟ್ಟಿ ಮಾಡಿ ಒಳಗಿಟ್ಟರೆ ಕರಗುವವರೆಗೂ ಕಂಪ್ರೆಸರಿಗೆ ಅರ್ಧ ರಜೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಈ ಡಬ್ಬಿಗೆ ನಮ್ಮ ಸೀಮೆಯಲ್ಲಿ ನಿಜವಾದ ಕೆಲಸವೊಂದಿದ್ದರೆ ಅದು ಇನ್ಸುಲಿನ್. ಸಕ್ಕರೆ ಕಾಯಿಲೆಯವರು ಈಗ ಯಾವ ಗಾಡಿಯಲ್ಲಿಲ್ಲ? ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಳಸುತ್ತಿರುವ ಬಾಟಲಿಯನ್ನು 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು ಎಂದು ಹೆಚ್ಚಿನ ಕಂಪನಿಗಳ ಚೀಟಿ ಹೇಳುತ್ತದೆ. ಕೆನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಫ್ರಿಜ್ಜಿಲ್ಲದವರ ಮನೆಗಳಲ್ಲಿ ತಾಪ ಅಳೆದು, ಹಗಲು 37, ರಾತ್ರಿ 25 ಡಿಗ್ರಿ ಏರಿಳಿಯುವ ಅದೇ ಹವೆಯಲ್ಲಿ ಇನ್ಸುಲಿನ್ ನಾಲ್ಕು ವಾರ ತನ್ನ ಬಲ ಕಳೆದುಕೊಳ್ಳಲಿಲ್ಲ ಎಂದು ವೈದ್ಯರ ತಂಡವೊಂದು 2021ರಲ್ಲಿ ಪ್ರಕಟಿಸಿತು. ಬಡವರ ಮನೆಗೆ ಅದು ಸಮಾಧಾನದ ಸುದ್ದಿ, ಇನ್ಸುಲಿನ್ ತಂಪಾಗಿಡುವ ಮನೆಯ ಮೂಲೆಯ ಮಣ್ಣಿನ ಗಡಿಗೆಗೂ ಒಂದು ಬೆಲೆ ಬಂತು. ಆದರೆ 37 ಎಲ್ಲಿ, ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಎಲ್ಲಿ? ಅಲ್ಲಿಟ್ಟ ಇನ್ಸುಲಿನ್ ನೋಡಲು ಹಾಗೆಯೇ ಇರುತ್ತದೆ, ಚುಚ್ಚಿಕೊಂಡರೆ ಸಕ್ಕರೆ ಇಳಿಯುವುದಿಲ್ಲ.

ಇನ್ನೊಂದು ತುದಿಯ ಅಪಾಯ ಹೆಚ್ಚು ಜನರಿಗೆ ಗೊತ್ತಿಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ, ಚೆಲ್ಲಬೇಕು. ಈ ಫ್ರಿಜ್ಜುಗಳ ಗೋಡೆ ಮತ್ತು ತಳ ನಡುವಿಗಿಂತ ತಣ್ಣಗಿರುತ್ತವೆ. ಡಿಸ್‌ಪ್ಲೇಯಲ್ಲಿ 4 ಎಂದಿದ್ದರೂ ತಳದಲ್ಲಿ ಸೊನ್ನೆ ಮುಟ್ಟಿರಬಹುದು. ಔಷಧಿಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಮೇಲಿನ ಬುಟ್ಟಿಯಲ್ಲಿಡಿ, ಗೋಡೆಗೆ ತಾಗದಿರಲಿ, ಒಳಗೊಂದು ಬೇರೆ ಥರ್ಮಾಮೀಟರ್ ಇರಲಿ. ಕುರಿಯವರಿಗೂ ಇದೇ ಮಾತು. ಕೆಂಗುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಅಡವಿಯಲ್ಲಿರುವವರಿಗೆ ಲಸಿಕೆ ಮುಟ್ಟಿಸಲು ಪಶುವೈದ್ಯರ ಜೊತೆ ನಿಮ್ಮದೇ ಗಾಡಿ ಹೋಗುವುದುಂಟು. ಕಾಲುಬಾಯಿ ಜ್ವರದ ಲಸಿಕೆಯೂ ಬಿಸಿಗೆ ಕೆಡುತ್ತದೆ, ಹೆಪ್ಪಿಗೂ ಕೆಡುತ್ತದೆ.

ಇಷ್ಟೆಲ್ಲ ಓದಿ, ಇದು ನಮ್ಮ ಕೈಗೆ ದುಬಾರಿ ಎನ್ನುವವರಿಗೆ ಒಂದು ಮಾತು: ಒಂದೆರಡು ದಿನದ ಓಡಾಟಕ್ಕೆ ಫ್ರಿಜ್ಜೇ ಬೇಡ. ಒಂದು ಕೆ.ಜಿ. ಮಂಜುಗಡ್ಡೆ ಕರಗುವಾಗ ಹೀರುವ ಬಿಸಿ ಸುಮಾರು 93 ವ್ಯಾಟ್-ಅವರ್. ಐದು ಕೆ.ಜಿ. ಗಡ್ಡೆ ದಪ್ಪ ಗೋಡೆಯ ಐಸ್‌ಬಾಕ್ಸಿನಲ್ಲಿದ್ದರೆ ಬಸವಸಾಗರ ನೋಡಿ, ಛಾಯಾ ಭಗವತಿಗೆ ಹೋಗಿ, ಮರಳಿ ಊರು ಸೇರುವವರೆಗೆ ಹಾಲು ಕೆಡುವುದಿಲ್ಲ. ಪುಡಿ ಐಸಿಗಿಂತ ಒಂದೇ ದೊಡ್ಡ ಗಡ್ಡೆ ನಿಧಾನ ಕರಗುತ್ತದೆ. ಇನ್ಸುಲಿನ್ನಿಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರುಗಳ ವಿದ್ಯೆ ಕಲಿಯಿರಿ. ಲಸಿಕೆಯ ಕ್ಯಾರಿಯರಿಗೆ ಐಸ್‌ಪ್ಯಾಕ್ ಹಾಕುವ ಮುಂಚೆ ಅದನ್ನು ಹೊರಗಿಟ್ಟು, ಕಿವಿಯ ಹತ್ತಿರ ಕುಲುಕಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಇಡುತ್ತಾರೆ. ನೀರಾಡುವ ಐಸು ಸೊನ್ನೆಗಿಂತ ಕೆಳಗಿರುವುದಿಲ್ಲ, ಹಾಗಾಗಿ ಔಷಧಿ ಹೆಪ್ಪುಗಟ್ಟುವುದಿಲ್ಲ. ಕುಡಿಯುವ ನೀರಿಗಂತೂ ಹಳೆಯ ಜೀಪು, ಲಾರಿಗಳ ಮುಂದೆ ತೂಗುತ್ತಿದ್ದ ಕ್ಯಾನ್ವಾಸ್ ಚೀಲಕ್ಕೆ ಇವತ್ತಿಗೂ ಎದುರಿಲ್ಲ. ನಮ್ಮ ಬಿಸಿಲು ಒಣ ಬಿಸಿಲು. ಚೀಲದ ಮೈಯಿಂದ ನೀರು ಆರಿದಷ್ಟೂ ಒಳಗೆ ತಂಪು. ಮಂಗಳೂರಿನ ಸೆಕೆಯಲ್ಲಿ ನಡೆಯದ ಆಟ ಇಲ್ಲಿ ನಡೆಯುತ್ತದೆ.

ಕಡೆಯದಾಗಿ ಒಂದು ಬೇಡಿಕೆ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಹಿಂದೆ ನಿಮ್ಮಲ್ಲಿ ಹಲವರ ಗಾಡಿಗಳು ಸಾಮಾನು ಹೊತ್ತು ಹೋಗುತ್ತವೆ. ನಡೆಯುವವರಲ್ಲಿ ವಯಸ್ಸಾದವರೂ ಇನ್ಸುಲಿನ್ ಚೀಲ ಹೆಗಲಿಗೆ ಹಾಕಿಕೊಂಡವರೂ ಇರುತ್ತಾರೆ. ಫ್ರಿಜ್ಜು ಇರುವವರು ಮೇಲಿನ ಬುಟ್ಟಿಯನ್ನು ಅವರಿಗಾಗಿ ಖಾಲಿ ಬಿಡಿ. ಪ್ರತಿಯೊಬ್ಬರ ಔಷಧಿಯನ್ನು ಹೆಸರು, ಊರು, ಫೋನ್ ನಂಬರ್ ಬರೆದ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ “ಇನ್ಸುಲಿನ್ ಇಡಲು ಜಾಗ ಇದೆ” ಎಂದು ಬರೆಸಿ, ಹಾಗೆ ಬರೆಸುವ ಮುಂಚೆ ನಿಮ್ಮ ವೈರು ಎಷ್ಟು ಸ್ಕ್ವೇರಿನದು ಎಂದು ಒಮ್ಮೆ ನೋಡಿಸಿಕೊಳ್ಳಿ.

ಇಂತಿ ನಿಮ್ಮವ,
ದೇವಾಪುರ ಕಡೆಯ ಒಬ್ಬ ವೈರಿಂಗ್ ಕೆಲಸದವ